ಲೈಸೆನ್ಸ್ ಹೊಂದುವುದಿಲ್ಲ ಎಂದು ಕೋಡ್ ವಾಪಸ್ ಬಂದಾಗ: ದೋಷ ಹುಡುಕುವ ಕ್ರಮ

ಪ್ರೋಗ್ರಾಂ ಕಂಪೈಲ್ ಆಗುತ್ತದೆ. ಪರೀಕ್ಷೆಗಳೆಲ್ಲ ಪಾಸಾಗಿವೆ. ಬಳಸುವವರಿಂದ ದೂರಿಲ್ಲ. ಆದರೂ ಲಿನಕ್ಸ್ ವಿತರಣೆಯೊಂದಕ್ಕೆ ಪ್ಯಾಕೇಜ್ ಮಾಡುವವರು "ಇದರೊಳಗಿನ ಲೈಸೆನ್ಸ್‌ಗಳು ಒಂದಕ್ಕೊಂದು ಹೊಂದುವುದಿಲ್ಲ" ಎಂದು ಬರೆದು ವಾಪಸ್ ಕಳಿಸುತ್ತಾರೆ. ಅಥವಾ ನೀವು ಕಷ್ಟಪಟ್ಟು ಬರೆದ ಪ್ಯಾಚನ್ನು ಇನ್ನೊಂದು ಯೋಜನೆಯವರು ಒಂದೇ ಸಾಲಿನ ಉತ್ತರ ಕೊಟ್ಟು ಮುಚ್ಚುತ್ತಾರೆ. ಇಲ್ಲವೇ ನಿಮ್ಮ ತಂತ್ರಾಂಶ ಬಳಸಲು ಮುಂದೆ ಬಂದ ಸಂಸ್ಥೆ ಕೋಡ್ ತಪಾಸಣೆ ಮಾಡಿಸಿ ಸುಮ್ಮನಾಗುತ್ತದೆ. ಮೂರೂ ಒಂದೇ ಕಾಯಿಲೆಯ ಲಕ್ಷಣಗಳು.

ಈ ದೋಷವನ್ನು ಯಾವ ಕಂಪೈಲರೂ ತೋರಿಸುವುದಿಲ್ಲ. ಹಾಗೆಂದು ಇದು ವಕೀಲರಿಗಷ್ಟೇ ತಿಳಿಯುವ ವಿಷಯವಲ್ಲ. ಬೇರೆ ಬಗ್‌ಗಳಿಗಿರುವಂತೆ ಇದಕ್ಕೂ ಒಂದು ಜಾಗವಿದೆ: ಇಂಥ ಕಡತ, ಇಂಥ ಸಾಲು, ಇಂಥ ಕಮಿಟ್ (ಕೋಡಿನ ಒಂದು ಬದಲಾವಣೆಯ ದಾಖಲೆ). ಆ ಜಾಗ ಸಿಗುವ ಮೊದಲೇ ಜೊತೆಗೆ ಸೇರಿಸಿದ ಕೋಡನ್ನೂ ಅದೇ ಲೈಸೆನ್ಸಿನಲ್ಲಿ, ಸೋರ್ಸ್ (ಮೂಲ ಕೋಡು) ಸಮೇತ ಹಂಚಬೇಕೆನ್ನುವ ಜಿಪಿಎಲ್ ಒಳ್ಳೆಯದೋ, ಬರೆದವರ ಹೆಸರು ಮತ್ತು ಲೈಸೆನ್ಸ್ ಪಠ್ಯ ಉಳಿಸಿದರೆ ಸಾಕೆನ್ನುವ ಎಂಐಟಿ ಒಳ್ಳೆಯದೋ ಎಂದು ವಾದಕ್ಕೆ ಕೂತ ತಂಡಗಳು ತಿಂಗಳುಗಟ್ಟಲೆ ಅಲ್ಲೇ ನಿಂತುಬಿಡುತ್ತವೆ.

ವಿಷಯ ಹಿಡಿಯಲು ದಾವಣಗೆರೆಯದೇ ಒಂದು ಕೋಡನ್ನು ಎದುರಿಗಿಟ್ಟುಕೊಳ್ಳೋಣ. ಇಲ್ಲಿನ ಎಪಿಎಂಸಿಯ ಮೆಕ್ಕೆಜೋಳದ ವ್ಯಾಪಾರಕ್ಕೆಂದು ಒಂದು ಸಣ್ಣ ತಂಡ ಮಂಡಿ ಲೆಕ್ಕದ ಪ್ರೋಗ್ರಾಂ ಬರೆಯಿತು. ಅದು ಎಲೆಕ್ಟ್ರಾನಿಕ್ ತೂಕದ ಯಂತ್ರದಿಂದ ಸೀರಿಯಲ್ ಕೇಬಲ್ ಮೂಲಕ ತೂಕವನ್ನು ನೇರವಾಗಿ ಓದಿಕೊಳ್ಳುತ್ತದೆ, ಮುದ್ರಿತ ಕನ್ನಡ ಚೀಟಿಗಳನ್ನು ಸ್ಕ್ಯಾನ್ ಮಾಡಿದರೆ ಟೆಸೆರಾಕ್ಟ್ ಬಳಸಿ ಅಕ್ಷರ ಗುರುತಿಸುತ್ತದೆ, ಕೊನೆಗೆ ರೈತರ ಕೈಗೆ ಕೊಡುವ ಪಟ್ಟಿಯನ್ನು ಪಿಡಿಎಫ್ ಮಾಡುತ್ತದೆ. ರೆಪೊದ (ಕೋಡನ್ನು ಇಟ್ಟಿರುವ ಸಂಗ್ರಹ) ಮೇಲೆ ಎಂಐಟಿ ಲೈಸೆನ್ಸ್ ಎಂದು ಹಾಕಿದ್ದರು. ಪ್ಯಾಕೇಜ್ ಮಾಡುವವರು ಒಪ್ಪಲಿಲ್ಲ. ತಂಡದ ಹುಡುಗನೊಬ್ಬ ಕೇಳಿದ ಪ್ರಶ್ನೆ ಬಹುಪಾಲು ಎಲ್ಲರೂ ಕೇಳುವಂಥದ್ದು: "ಸರ್, ಎಲ್ಲಾ ಓಪನ್ ಸೋರ್ಸೇ ಐತಲ್ಲ, ಮತ್ತೇನು ತೊಂದ್ರಿ?"

ತೊಂದರೆ ಇರುವುದು ಅಲ್ಲೇ. ಎರಡು ಲೈಸೆನ್ಸ್‌ಗಳು ಬೇರೆಬೇರೆಯಾಗಿ ಮುಕ್ತವಾಗಿದ್ದರೂ, ಒಂದರ ಷರತ್ತು ಪಾಲಿಸಿದರೆ ಇನ್ನೊಂದರ ಷರತ್ತು ಮುರಿಯುವಂತಿದ್ದರೆ ಎರಡನ್ನೂ ಒಂದೇ ಪ್ರೋಗ್ರಾಮಿನಲ್ಲಿ ಸೇರಿಸಿ ಹಂಚಲು ನಿಮಗೆ ಅನುಮತಿಯಿಲ್ಲ.

ಕೋಡ್ ಹೊರಗೆ ಹೋಗಿದೆಯೇ?

ಮೊದಲು ಇದನ್ನು ಖಚಿತ ಮಾಡಿಕೊಳ್ಳಿ, ಏಕೆಂದರೆ ಎಷ್ಟೋ ಸಲ ದೋಷವೇ ಇರುವುದಿಲ್ಲ. ಜಿಪಿಎಲ್‌ನ ಮುಖ್ಯ ಹೊಣೆಗಳು ಶುರುವಾಗುವುದು ಪ್ರತಿಯನ್ನು ಬೇರೆಯವರಿಗೆ ಕೊಟ್ಟಾಗ. ಒಬ್ಬ ದಲಾಲಿ ತನ್ನ ಅಂಗಡಿಯ ಕಂಪ್ಯೂಟರಿಗೆ ತಾನೇ ನಾಲ್ಕು ಕಡೆಯ ಕೋಡ್ ಜೋಡಿಸಿಕೊಂಡು ಬಳಸಿದರೆ ಅಲ್ಲಿ ಹಂಚಿಕೆಯಿಲ್ಲ. ಅದನ್ನೇ ಪೆನ್‌ಡ್ರೈವ್‌ನಲ್ಲಿ ಪಕ್ಕದ ಮಂಡಿಗೆ ಹಾಕಿಕೊಟ್ಟರೆ ಹಂಚಿಕೆ. ದುಡ್ಡು ತೆಗೆದುಕೊಂಡಿರೋ ಇಲ್ಲವೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಇದಕ್ಕೆ ಜಿಪಿಎಲ್‌ನ ಸೋದರ ಲೈಸೆನ್ಸಾದ ಎಜಿಪಿಎಲ್ ಅಪವಾದ. ಅದರ ಮೂರನೇ ಆವೃತ್ತಿಯ 13ನೇ ಕಲಮಿನ ಪ್ರಕಾರ, ನೀವು ಬದಲಿಸಿದ ಪ್ರೋಗ್ರಾಮನ್ನು ಜನ ನೆಟ್‌ವರ್ಕ್ ಮೂಲಕ ಬಳಸುತ್ತಿದ್ದರೆ ಅವರಿಗೂ ಸೋರ್ಸ್ ಸಿಗುವಂತೆ ಮಾಡಬೇಕು. ಸರ್ವರಿನಲ್ಲಿಟ್ಟಿದ್ದೇವೆ, ಯಾರಿಗೂ ಪ್ರತಿ ಕೊಟ್ಟಿಲ್ಲ ಎಂಬ ಉತ್ತರ ಅಲ್ಲಿ ನಡೆಯದು.

ಮಂಡಿ ಪ್ರೋಗ್ರಾಮಿನ ಇನ್‌ಸ್ಟಾಲರ್ ಹಲವು ಅಂಗಡಿಗಳಿಗೆ ಹೋಗಿತ್ತು. ಹಾಗಾಗಿ ಮುಂದುವರಿಯಬೇಕಾಯಿತು.

ರೆಪೊದ ಹಣೆಪಟ್ಟಿ ನಂಬಬೇಡಿ

ಚೀಲದ ಮೇಲಿನ ಬರಹ ನೋಡಿ ಯಾರೂ ಜೋಳಕ್ಕೆ ದರ ಕೂಗುವುದಿಲ್ಲ, ಕೈಹಾಕಿ ಕಾಳು ತೆಗೆದು ನೋಡುತ್ತಾರೆ. ಕೋಡಿಗೂ ಅದೇ ನ್ಯಾಯ. ರೆಪೊದ ಮುಖಪುಟದಲ್ಲಿ ಕಾಣುವ ಲೈಸೆನ್ಸ್ ಹೆಸರು ಒಬ್ಬರ ಘೋಷಣೆ ಮಾತ್ರ. ತಮ್ಮದಲ್ಲದ ಕಡತಕ್ಕೆ ಅವರು ಎಂಐಟಿ ಎಂದು ಬರೆದ ಮಾತ್ರಕ್ಕೆ ಅದು ಎಂಐಟಿ ಆಗುವುದಿಲ್ಲ.

ಪ್ರತಿ ಕಡತದ ತಲೆಯ ಮೇಲಿನ ಹೆಡರ್ ಓದಿ. ಕಡತಗಳು ಹೆಚ್ಚಿದ್ದರೆ ಗ್ರೆಪ್ ಆದೇಶದಿಂದ 'ಕಾಪಿರೈಟ್', 'ಲೈಸೆನ್ಸ್', 'ಎಸ್‌ಪಿಡಿಎಕ್ಸ್' ಪದಗಳ ಇಂಗ್ಲಿಷ್ ರೂಪ ಹುಡುಕಿ (ಎಸ್‌ಪಿಡಿಎಕ್ಸ್ ಎಂದರೆ ಲೈಸೆನ್ಸನ್ನು ಒಂದೇ ಸಾಲಿನಲ್ಲಿ ಗುರುತಿಸುವ ಪದ್ಧತಿ). ಇನ್ನೂ ದೊಡ್ಡ ಯೋಜನೆಯಾದರೆ ಸ್ಕ್ಯಾನ್‌ಕೋಡ್ ಟೂಲ್‌ಕಿಟ್ ಓಡಿಸಿ. ಅದು ಕಡತವಾರು ವರದಿ ಕೊಡುತ್ತದೆ. ವರದಿ ಬಂದ ಮೇಲೂ ಸಂಶಯ ಬಂದ ಕಡತಗಳನ್ನು ಕಣ್ಣಾರೆ ಓದಲೇಬೇಕು, ಯಂತ್ರಕ್ಕೆ ಅರ್ಧ ಅಳಿಸಿದ ಹೆಡರ್ ಅರ್ಥವಾಗುವುದಿಲ್ಲ.

ಓದುವಾಗ ಒಂದು ಜಾಗದಲ್ಲಿ ನಿಧಾನಿಸಿ. ಜಿಪಿಎಲ್ ಹೆಡರಿನಲ್ಲಿ ಸಾಮಾನ್ಯವಾಗಿ "ಎರಡನೇ ಆವೃತ್ತಿ, ಅಥವಾ ನಿಮ್ಮ ಇಷ್ಟದಂತೆ ಮುಂದಿನ ಯಾವುದೇ ಆವೃತ್ತಿ" ಎಂಬ ಅರ್ಥದ ವಾಕ್ಯವಿರುತ್ತದೆ. ಆ 'ಅಥವಾ' ಇದೆಯೋ ಇಲ್ಲವೋ ಎಂಬುದರ ಮೇಲೆ ಇಡೀ ರೋಗನಿರ್ಣಯ ನಿಂತಿದೆ. ಇದ್ದರೆ 1991ರ ಎರಡನೇ ಆವೃತ್ತಿಯ ಬದಲು 2007ರ ಮೂರನೇ ಆವೃತ್ತಿಯನ್ನು ನೀವೇ ಆರಿಸಿಕೊಳ್ಳಬಹುದು. ಇಲ್ಲದಿದ್ದರೆ ಎರಡಕ್ಕೇ ಕಟ್ಟುಬಿದ್ದಿರಿ. ಲಿನಕ್ಸ್ ಕರ್ನೆಲ್ ಈ ಎರಡನೇ ಬಗೆಯದು. ಆವೃತ್ತಿಯ ಸಂಖ್ಯೆಯನ್ನೇ ಹೇಳದೆ ಬರೀ ಜಿಪಿಎಲ್ ಎಂದಿದ್ದರೆ? ಎರಡನೇ ಆವೃತ್ತಿಯ 9ನೇ ಕಲಮು ಅದಕ್ಕೂ ಉತ್ತರ ಕೊಟ್ಟಿದೆ: ಜಿಪಿಎಲ್ ಹೊರತಂದ ಸಂಸ್ಥೆಯಾದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಪ್ರಕಟಿಸಿದ ಯಾವ ಆವೃತ್ತಿಯನ್ನಾದರೂ ಪಡೆದವರು ಆರಿಸಿಕೊಳ್ಳಬಹುದು. ಈ ಕಲಮು ಗೊತ್ತಿಲ್ಲದೆ ಒಳ್ಳೆಯ ಕೋಡನ್ನು ಕಿತ್ತೆಸೆದವರಿದ್ದಾರೆ.

ಎಸ್‌ಪಿಡಿಎಕ್ಸ್ ಗುರುತು ಇರುವ ಕಡತಗಳಲ್ಲಿ ಈ ಗೊಂದಲವಿಲ್ಲ. 'ಜಿಪಿಎಲ್ 2.0 ಓನ್ಲಿ' ಮತ್ತು 'ಜಿಪಿಎಲ್ 2.0 ಆರ್ ಲೇಟರ್' ಎಂಬ ಎರಡು ಬೇರೆ ಗುರುತುಗಳೇ ಇವೆ. ನೀವು ಬರೆಯುವ ಹೊಸ ಕಡತಗಳಿಗೆ ಇವತ್ತಿನಿಂದಲೇ ಆ ಒಂದು ಸಾಲು ಹಾಕಿ.

ಹೆಡರ್ ಇಲ್ಲದ ಕಡತದ ಮೂಲ

ಮಂಡಿ ಪ್ರೋಗ್ರಾಮಿನಲ್ಲಿ ತೂಕ ಓದುವ ಕಡತಕ್ಕೆ ಹೆಡರೇ ಇರಲಿಲ್ಲ. ಆದರೆ ಅದರ ಶೈಲಿ ಉಳಿದ ಕೋಡಿನದ್ದಲ್ಲ. ಉಳಿದ ಕಡೆ ಕಾಮೆಂಟುಗಳು ಕನ್ನಡದಲ್ಲಿದ್ದವು, ವೇರಿಯಬಲ್‌ಗಳಿಗೆ 'ಚೀಲ', 'ಹಮಾಲಿ' ಎಂಬಂಥ ಹೆಸರುಗಳಿದ್ದವು. ಈ ಕಡತದಲ್ಲಿ ಮಾತ್ರ ಚೊಕ್ಕ ಇಂಗ್ಲಿಷ್ ಕಾಮೆಂಟು, ಇಂಡೆಂಟ್‌ಗೆ ಸ್ಪೇಸ್ ಬದಲು ಟ್ಯಾಬ್, ಇಲ್ಲಿನ ಯಾವ ಅಂಗಡಿಯಲ್ಲೂ ಇಲ್ಲದ ತೂಕದ ಯಂತ್ರಗಳಿಗೆ ಕೂಡ ಬೆಂಬಲ. ಬೇರೆಡೆಯಿಂದ ಬಂದ ಕೋಡು ಹೀಗೆಯೇ ತನ್ನ ಗುರುತು ಬಿಟ್ಟಿರುತ್ತದೆ.

ಇಂಥಲ್ಲಿ, ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಗಿಟ್‌ನ 'ಬ್ಲೇಮ್' ಆದೇಶ ಸಾಲದು, ಅದು ಈಗಿರುವ ಸಾಲುಗಳ ಕಥೆ ಮಾತ್ರ ಹೇಳುತ್ತದೆ. ಅಳಿಸಿದ ಸಾಲು ಬೇಕೆಂದರೆ ಗಿಟ್ ಲಾಗ್‌ಗೆ ದೊಡ್ಡಕ್ಷರದ ಎಸ್ ಆಯ್ಕೆ ಕೊಟ್ಟು, ಅದರ ಜೊತೆ ಕಾಪಿರೈಟ್ ಪದ ಹಾಕಿ ಓಡಿಸಿ. ಆ ಪದ ಯಾವ ಕಮಿಟ್‌ನಲ್ಲಿ ಬಂತು, ಯಾವ ಕಮಿಟ್‌ನಲ್ಲಿ ಹೋಯಿತು ಎರಡೂ ಕಾಣುತ್ತವೆ. ಕಡತದ ಹೆಸರು ನಡುವೆ ಬದಲಾಗಿದ್ದರೆ 'ಫಾಲೋ' ಆಯ್ಕೆಯನ್ನೂ ಸೇರಿಸಿ. ಇಲ್ಲಿ ಸಿಕ್ಕಿದ್ದು ಹೀಗೆ: "ತೂಕದ ಮಷೀನ್ ಓದ್ತಾ ಇದೆ" ಎಂಬ ಕಮಿಟ್‌ನಲ್ಲಿ ಕಡತ ಹೆಡರ್ ಸಮೇತ ಒಳಬಂದಿತ್ತು. ಮುಂದೆ "ಕೋಡ್ ಕ್ಲೀನ್ ಮಾಡಿದ್ದು" ಎಂಬ ಕಮಿಟ್‌ನಲ್ಲಿ ಎಲ್ಲ ಕಡತಗಳ ಮೇಲಿನ ಕಾಮೆಂಟುಗಳನ್ನು ಒಂದು ಸ್ಕ್ರಿಪ್ಟ್ ಕಿತ್ತುಹಾಕಿತ್ತು. ಅಳಿಸಿಹೋದ ಹೆಡರಿನಲ್ಲಿ ಮೂಲ ಲೇಖಕರ ಹೆಸರು, ವರ್ಷ, ಅದರ ಕೆಳಗೆ ಜಿಪಿಎಲ್ ಎರಡನೇ ಆವೃತ್ತಿ. 'ಅಥವಾ' ಇಲ್ಲ.

ಹೆಡರ್ ಸಿಕ್ಕ ಕೂಡಲೇ ಅದನ್ನು ಮೊದಲಿದ್ದಂತೆಯೇ ವಾಪಸ್ ಹಾಕಿ. ಲೈಸೆನ್ಸ್ ಯಾವುದೇ ಇರಲಿ, ಬರೆದವರ ಹೆಸರು ಅಳಿಸುವುದು ಅವರಿಗೆ ಮಾಡುವ ಅನ್ಯಾಯ. ಬೇರೆಯವರು ದುಡಿದು ಬರೆದು ಕೈಗಿಟ್ಟದ್ದನ್ನು ಬಳಸುವಾಗ ಅವರು ಬಹುತೇಕ ಕೇಳುವುದು ಅದೊಂದನ್ನೇ.

ಯಾವುದು ಯಾವುದರೊಳಗೆ ಹೋಗುತ್ತದೆ

ಹೊಂದಾಣಿಕೆಗೆ ದಿಕ್ಕಿದೆ. ಎ ಲೈಸೆನ್ಸಿನ ಕೋಡು ಬಿ ಲೈಸೆನ್ಸಿನ ಯೋಜನೆಯೊಳಗೆ ಹೋಗಬಹುದು ಎಂದರೆ ಬಿ ಕೋಡು ಎ ಒಳಗೆ ಬರಬಹುದು ಎಂದಲ್ಲ. ಪ್ಯಾಚ್‌ಗಳು ವಾಪಸ್ ಬರುವುದು ಹೆಚ್ಚಾಗಿ ಈ ದಿಕ್ಕು ತಪ್ಪಿದ್ದರಿಂದ.

ಎಂಐಟಿ ಮತ್ತು ಎರಡು, ಮೂರು ಕಲಮಿನ ಬಿಎಸ್‌ಡಿ ಲೈಸೆನ್ಸಿನ ಕೋಡು ಎಲ್ಲಿ ಬೇಕಾದರೂ ಹೋಗುತ್ತದೆ, ಹೆಸರು ಮತ್ತು ಲೈಸೆನ್ಸ್ ಪಠ್ಯ ಜೊತೆಗಿರಬೇಕು ಅಷ್ಟೆ. ನಾಲ್ಕು ಕಲಮಿನ ಹಳೆಯ ಬಿಎಸ್‌ಡಿ ಮಾತ್ರ ಜಿಪಿಎಲ್ ಜೊತೆ ಸೇರದು. ಜಾಹೀರಾತಿನಲ್ಲೆಲ್ಲ ತಮ್ಮ ಹೆಸರು ಹಾಕಬೇಕೆಂಬ ಷರತ್ತು ಅದರಲ್ಲಿತ್ತು. ಬರ್ಕ್ಲಿ ವಿಶ್ವವಿದ್ಯಾಲಯ ತನ್ನ ಕೋಡಿಗೆ ಅದನ್ನು 1999ರಲ್ಲಿ ಕೈಬಿಟ್ಟಿತು. ಬೇರೆಯವರು ಅದೇ ಪಠ್ಯ ಬಳಸಿ ಬರೆದ ಕೋಡಿನಲ್ಲಿ ಅದು ಹಾಗೇ ಉಳಿದಿರಬಹುದು.

ಅಪಾಚೆ 2.0 ಲೈಸೆನ್ಸ್ ಬಂದದ್ದು 2004ರಲ್ಲಿ. ಯಾರಾದರೂ ಪೇಟೆಂಟ್ ಮೊಕದ್ದಮೆ ಹೂಡಿದರೆ ಅವರಿಗೆ ಕೊಟ್ಟ ಪೇಟೆಂಟ್ ಹಕ್ಕು ರದ್ದಾಗುತ್ತದೆ ಎಂಬ ಷರತ್ತು ಅದರಲ್ಲಿದೆ. ಜಿಪಿಎಲ್ ಎರಡನೇ ಆವೃತ್ತಿಯ 6ನೇ ಕಲಮು, ಪಡೆದವರ ಮೇಲೆ ಹೊಸ ನಿರ್ಬಂಧ ಹೇರಬಾರದು ಎನ್ನುತ್ತದೆ. ಎರಡೂ ಒಟ್ಟಿಗೆ ನಡೆಯುವುದಿಲ್ಲ ಎಂಬುದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ನಿಲುವು, ವಿತರಣೆಗಳವರು ಸಾಮಾನ್ಯವಾಗಿ ಅದನ್ನೇ ಅನುಸರಿಸುತ್ತಾರೆ. ಮೂರನೇ ಆವೃತ್ತಿ ಬರೆಯುವಾಗ ಈ ಬಿರುಕನ್ನು ಮುಚ್ಚಿದರು. ಅಪಾಚೆ 2.0 ಕೋಡು ಜಿಪಿಎಲ್ ಮೂರರೊಳಗೆ ಹೋಗಬಹುದು, ತಿರುಗಿ ಬರಲಾಗದು.

ಜಿಪಿಎಲ್ 'ಎರಡು ಮಾತ್ರ' ಮತ್ತು ಜಿಪಿಎಲ್ ಮೂರು ಒಂದೇ ಮನೆಯ ಹೆಸರು ಹೊತ್ತಿದ್ದರೂ ಒಂದಕ್ಕೊಂದು ಕೂಡುವುದಿಲ್ಲ. ಲೈಬ್ರರಿಗಳಿಗೆಂದು ಸಡಿಲಿಸಿದ ಜಿಪಿಎಲ್ ಆದ ಎಲ್‌ಜಿಪಿಎಲ್ ಮೂರರ ಲೈಬ್ರರಿಯನ್ನು ಕೂಡ 'ಎರಡು ಮಾತ್ರ' ಕೋಡಿಗೆ ಜೋಡಿಸುವಂತಿಲ್ಲ. 2012ರ ಎಂಪಿಎಲ್ (ಮೊಜಿಲ್ಲಾ ಲೈಸೆನ್ಸ್) 2.0 ಜಿಪಿಎಲ್ ಜೊತೆ ಸೇರುತ್ತದೆ, ಆದರೆ ಲೇಖಕರು 'ಇತರ ಲೈಸೆನ್ಸ್‌ಗಳಿಗೆ ಹೊಂದುವುದಿಲ್ಲ' ಎಂಬ ಸೂಚನೆ ಹಾಕಿದ್ದರೆ ಸೇರುವುದಿಲ್ಲ. ಆ ಸೂಚನೆ ಹುಡುಕದೆ ತೀರ್ಮಾನಕ್ಕೆ ಬರಬೇಡಿ.

ಈಗ ಮಂಡಿ ಪ್ರೋಗ್ರಾಮಿಗೆ ಬನ್ನಿ. ತಂಡದ ಸ್ವಂತ ಕೋಡು ಎಂಐಟಿ. ತೂಕದ ಕಡತ ಜಿಪಿಎಲ್ ಎರಡು ಮಾತ್ರ. ಟೆಸೆರಾಕ್ಟ್ ಅಪಾಚೆ 2.0. ಜಿಪಿಎಲ್ ಕೋಡು ಇದೆ ಎಂದು ತಿಳಿದ ಕೂಡಲೇ ತಂಡದವರು ಇಡೀ ಯೋಜನೆಗೆ ಜಿಪಿಎಲ್ ಹಾಕಿಬಿಡಲು ಸಿದ್ಧರಾದರು. ಎಂಐಟಿ ಮತ್ತು ಜಿಪಿಎಲ್ ನಡುವಿನ ತಕರಾರು ಅದರಿಂದ ತೀರುತ್ತದೆ, ನಿಜ. ಆದರೆ ಪ್ಯಾಕೇಜ್ ವಾಪಸ್ ಬಂದದ್ದು ಅದಕ್ಕಲ್ಲ. ತೂಕದ ಕಡತ ಮತ್ತು ಟೆಸೆರಾಕ್ಟ್ ಒಂದೇ ಬೈನರಿಯಲ್ಲಿ (ಕಂಪೈಲ್ ಆದ ಕಡತ) ಕೂತಿದ್ದವು. ಜಿಪಿಎಲ್ ಎರಡು ಎಂದು ಹಾಕಿದರೆ ಟೆಸೆರಾಕ್ಟ್ ಹೊರಗೆ, ಮೂರು ಎಂದು ಹಾಕಿದರೆ ತೂಕದ ಕಡತ ಹೊರಗೆ. ಮೇಲಿನ ಹಣೆಪಟ್ಟಿ ಎಷ್ಟು ಸಲ ಬದಲಿಸಿದರೂ ಈ ಗಂಟು ಬಿಚ್ಚುವುದಿಲ್ಲ.

ಸೇರಿಕೊಂಡಿರುವುದು ಹೇಗೆ?

ಒಂದೇ ಸಿಡಿಯಲ್ಲಿ ಅಥವಾ ಒಂದೇ ಇನ್‌ಸ್ಟಾಲರಿನಲ್ಲಿ ಎರಡು ಪ್ರೋಗ್ರಾಂ ಪಕ್ಕಪಕ್ಕ ಇದ್ದರೆ ಅದು ಬರೀ ಒಟ್ಟುಗೂಡಿಕೆ, ಅದಕ್ಕೆ ತೊಂದರೆಯಿಲ್ಲ. ಒಂದೇ ಪ್ರೋಗ್ರಾಮಾಗಿ ಲಿಂಕ್ ಆಗಿದ್ದರೆ ತೊಂದರೆ. ಡೈನಮಿಕ್ ಲಿಂಕ್ ಮಾಡಿದರೆ, ಅಂದರೆ ಪ್ರೋಗ್ರಾಂ ಓಡುವಾಗ ಮಾತ್ರ ಲೈಬ್ರರಿಯನ್ನು ಜೋಡಿಸಿದರೆ, ಜಿಪಿಎಲ್ ಹಿಡಿಯದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಫೌಂಡೇಶನ್ನಿನ ಓದಿನಲ್ಲಿ ಸ್ಟ್ಯಾಟಿಕ್ ಆಗಲಿ ಡೈನಮಿಕ್ ಆಗಲಿ ಜಿಪಿಎಲ್‌ಗೆ ಎರಡೂ ಒಂದೇ. ಆ ಭೇದ ಕೆಲಸಕ್ಕೆ ಬರುವುದು ಎಲ್‌ಜಿಪಿಎಲ್‌ನಲ್ಲಿ. ಪೈಪ್, ಸಾಕೆಟ್ ಅಥವಾ ಆದೇಶ ಸಾಲಿನ ಮೂಲಕ ಮಾತಾಡುವ ಎರಡು ಪ್ರೋಗ್ರಾಂಗಳನ್ನು ಸಾಮಾನ್ಯವಾಗಿ ಬೇರೆಬೇರೆ ಎಂದೇ ನೋಡುತ್ತಾರೆ. ನೆಪಕ್ಕೆ ಪೈಪ್ ಇಟ್ಟು ಒಳಗಿನ ಡೇಟಾ ರಚನೆಗಳನ್ನೆಲ್ಲ ಆಚೆ ಈಚೆ ಸಾಗಿಸುತ್ತಿದ್ದರೆ ಮಾತ್ರ ಆ ವಾದ ನಿಲ್ಲುವುದಿಲ್ಲ.

ರಿಪೇರಿ

ಮೊದಲ ದಾರಿ ಕೇಳುವುದು. ನಮ್ಮ ಕಡೆ ಬಹಳ ಜನ ಇದನ್ನು ಕೊನೆಗಿಡುತ್ತಾರೆ, ಸಂಕೋಚ. ಬರೆದವರು ಒಬ್ಬರೇ ಆಗಿದ್ದರೆ "ಮುಂದಿನ ಆವೃತ್ತಿಗಳಿಗೂ ಒಪ್ಪಿಗೆ" ಎಂಬ ಒಂದು ಸಾಲು ಸೇರಿಸಲು ಕೇಳಿ. ಅಷ್ಟಕ್ಕೇ ಇಡೀ ಗಂಟು ಬಿಚ್ಚುತ್ತದೆ, ಪ್ರೋಗ್ರಾಮನ್ನು ಜಿಪಿಎಲ್ ಮೂರರಲ್ಲಿ ಹಂಚಬಹುದು. ಅದಕ್ಕೆ ಅವರು ಒಪ್ಪದಿದ್ದರೆ ಇಂಥ ಲೈಬ್ರರಿಯ ಜೊತೆ ಜೋಡಿಸಲು ಪ್ರತ್ಯೇಕ ವಿನಾಯಿತಿ ಕೇಳಬಹುದು. ಗೂಢಲಿಪಿ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ ತನ್ನ ಹಳೆಯ ಲೈಸೆನ್ಸಿನಲ್ಲಿದ್ದಷ್ಟು ಕಾಲ ಎಷ್ಟೋ ಜಿಪಿಎಲ್ ಯೋಜನೆಗಳು ಇಂಥ ವಿನಾಯಿತಿಯ ಸಾಲನ್ನು ಹಾಕಿಕೊಂಡಿದ್ದವು. 2021ರ 3.0 ಆವೃತ್ತಿಯಿಂದ ಅದು ಅಪಾಚೆ 2.0ಗೆ ಬಂತು. ಕಂಪೈಲರ್ ಯೋಜನೆಯಾದ ಎಲ್‌ಎಲ್‌ವಿಎಂನವರು ಇನ್ನೊಂದು ತುದಿಯಿಂದ ಅದೇ ಕೆಲಸ ಮಾಡಿದ್ದಾರೆ, ಅಪಾಚೆ 2.0ಗೆ ತಾವೇ ಒಂದು ವಿನಾಯಿತಿ ಸೇರಿಸಿ ಜಿಪಿಎಲ್ ಎರಡರ ಜೊತೆ ಸೇರುವಂತೆ ಮಾಡಿದ್ದಾರೆ.

ಕೇಳುವ ಪತ್ರದಲ್ಲಿ ಕಡತದ ಹೆಸರು, ಯಾವ ಕಮಿಟ್‌ನಿಂದ ತೆಗೆದುಕೊಂಡದ್ದು, ಈಗಿನ ಲೈಸೆನ್ಸ್, ಬೇಕಾದ ಬದಲಾವಣೆ ಇಷ್ಟೂ ಇರಲಿ. ಉತ್ತರ ಬರಹದಲ್ಲೇ ಬೇಕು. ಫೋನಿನಲ್ಲಿ "ಆಯ್ತು ಬಿಡ್ರಿ, ಬಳಸ್ಕೊಳ್ರಿ" ಎಂದರೆ ಅದು ಸೌಜನ್ಯ, ಪರವಾನಗಿಯಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 30ನೇ ಕಲಮು ಲೈಸೆನ್ಸ್ ಲಿಖಿತವಾಗಿರಬೇಕೆಂದೇ ಹೇಳುತ್ತದೆ. ಇನ್ನೊಂದನ್ನೂ ವಿಚಾರಿಸಿ: ಆ ಕೋಡನ್ನು ಅವರು ನೌಕರಿಯ ಭಾಗವಾಗಿ ಬರೆದಿದ್ದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, 17ನೇ ಕಲಮಿನ ಪ್ರಕಾರ ಹಕ್ಕು ಕೆಲಸ ಕೊಟ್ಟವರದು. ಆಗ ಅವರ ಒಪ್ಪಿಗೆ ಸಾಲದು.

ಹಲವರು ಸೇರಿ ಬರೆದ ಕಡತವಾದರೆ ಪ್ರತಿಯೊಬ್ಬರ ಒಪ್ಪಿಗೆಯೂ ಬೇಕು. ಕಷ್ಟ, ಆದರೆ ಆಗದ್ದೇನಲ್ಲ. ವಿಎಲ್‌ಸಿ ಪ್ಲೇಯರಿನ ಒಳಗಿನ ಎಂಜಿನನ್ನು 2011-12ರಲ್ಲಿ ಜಿಪಿಎಲ್‌ನಿಂದ ಎಲ್‌ಜಿಪಿಎಲ್‌ಗೆ ತಂದಾಗ ವರ್ಷಗಳಿಂದ ಕೋಡ್ ಕೊಟ್ಟವರನ್ನು ಹುಡುಕಿ ಹುಡುಕಿ ಒಪ್ಪಿಗೆ ಪಡೆದರು.

ಉತ್ತರ ಬಾರದಿದ್ದರೆ ಬೇರ್ಪಡಿಸಿ. ಮಂಡಿ ಪ್ರೋಗ್ರಾಮಿಗೆ ನಾನು ಸೂಚಿಸಿದ್ದು ಇದನ್ನೇ. ತೂಕ ಓದುವ ಕೋಡನ್ನು ತನ್ನದೇ ರೆಪೊ, ತನ್ನದೇ ಜಿಪಿಎಲ್ ಎರಡು ಇರುವ ಪುಟ್ಟ ಪ್ರೋಗ್ರಾಂ ಮಾಡಿ. ಅದು ಯಂತ್ರದಿಂದ ತೂಕ ಓದಿ ಕಿಲೋ ಲೆಕ್ಕದಲ್ಲಿ ಒಂದು ಸಾಲು ಬರೆಯಲಿ, ಅದಕ್ಕಿಂತ ಹೆಚ್ಚೇನೂ ಬೇಡ. ಮುಖ್ಯ ಪ್ರೋಗ್ರಾಂ ಆ ಸಾಲನ್ನು ಓದಿಕೊಳ್ಳಲಿ. ಹೀಗೆ ಮಾಡಿದರೆ ಮುಖ್ಯ ಪ್ರೋಗ್ರಾಂ ಎಂಐಟಿಯಾಗಿಯೇ ಉಳಿಯುತ್ತದೆ. ಜೊತೆಗೆ, ಚಳ್ಳಕೆರೆಯ ಶೇಂಗಾ ಮಂಡಿಯವರಿಗೆ ಬರೀ ತೂಕ ಓದುವ ಭಾಗ ಬೇಕಾದರೆ ಅದಷ್ಟನ್ನೇ ಒಯ್ಯಬಹುದು.

ಹೊಸದಾಗಿ ಬರೆಯುವುದು ಮೂರನೇ ದಾರಿ. ತೂಕದ ಯಂತ್ರದ ಕೈಪಿಡಿಯಲ್ಲಿ ಬಾಡ್ ದರ (ಕೇಬಲ್‌ನಲ್ಲಿ ಡೇಟಾ ಕಳಿಸುವ ವೇಗ), ಸಾಲಿನ ರಚನೆ ಎಲ್ಲ ಇರುತ್ತದೆ. ಹಕ್ಕುಸ್ವಾಮ್ಯ ಇರುವುದು ಬರೆದ ರೀತಿಯ ಮೇಲೆ, ಯಂತ್ರ ಮಾತಾಡುವ ಕ್ರಮದ ಮೇಲಲ್ಲ. ಆದರೆ ಹಳೆಯ ಕಡತವನ್ನು ಓದದವರು, ಕೈಪಿಡಿ ನೋಡಿಕೊಂಡೇ ಬರೆಯಬೇಕು. ಹಳೆಯದನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ವೇರಿಯಬಲ್ ಹೆಸರು ಬದಲಿಸಿದರೆ ಅದು ಹೊಸ ಕೋಡಲ್ಲ, ಬಣ್ಣ ಬಳಿದ ನಕಲು.

ಸುಲಭಕ್ಕೆ ಕಣ್ಣಿಗೆ ಬೀಳದವು

ಲೈಸೆನ್ಸೇ ಇಲ್ಲದ ರೆಪೊ ಎಲ್ಲರಿಗೂ ಸೇರಿದ್ದು ಎಂದುಕೊಳ್ಳುವುದು ಕಾಲೇಜು ಪ್ರಾಜೆಕ್ಟುಗಳಲ್ಲಿ ತುಂಬ ಕಾಣುತ್ತದೆ. ಕಾನೂನು ತದ್ವಿರುದ್ಧ. ಭಾರತದಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಗಳ ಸಾಲಿಗೆ ಸೇರಿದೆ, ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಬೇಕಿಲ್ಲ. ಲೈಸೆನ್ಸ್ ಇಲ್ಲ ಎಂದರೆ ಅನುಮತಿ ಇಲ್ಲ.

ಆವೃತ್ತಿ ಏರಿಸಿದಾಗ ಲೈಸೆನ್ಸೂ ಬದಲಾಗಿರಬಹುದು. ಪಿಡಿಎಫ್ ಮಾಡುವ ಐಟೆಕ್ಸ್ಟ್ ಲೈಬ್ರರಿ ಐದನೇ ಆವೃತ್ತಿಯಿಂದ ಎಜಿಪಿಎಲ್ ಆಯಿತು, ಅದಕ್ಕೆ ಮುಂಚಿನದು ಎಲ್‌ಜಿಪಿಎಲ್ ಮತ್ತು ಎಂಪಿಎಲ್. ರೆಡಿಸ್ ಡೇಟಾಬೇಸ್ 2024ರಲ್ಲಿ ಬಿಎಸ್‌ಡಿ ಬಿಟ್ಟಿತು, 2025ರಲ್ಲಿ ಎಜಿಪಿಎಲ್ ಆಯ್ಕೆಯನ್ನು ಸೇರಿಸಿತು. ಹೀಗಾಗಿ ಡಿಪೆಂಡೆನ್ಸಿಯ (ನಿಮ್ಮ ಕೋಡು ನೆಚ್ಚಿಕೊಂಡ ಬೇರೆಯವರ ಕೋಡು) ಲೈಸೆನ್ಸನ್ನು ಹೆಸರಿನ ಮೇಲಲ್ಲ, ನೀವು ಬಳಸುವ ಆವೃತ್ತಿಯ ಮೇಲೆ ನೋಡಬೇಕು.

ಪ್ರಶ್ನೋತ್ತರ ತಾಣದಿಂದ ನಕಲಿಸಿದ ತುಣುಕುಗಳಿಗೂ ಲೈಸೆನ್ಸ್ ಇದೆ. ಸ್ಟ್ಯಾಕ್ ಓವರ್‌ಫ್ಲೋ ಉತ್ತರಗಳು ಬರೆದವರ ಹೆಸರು ಹೇಳಿ ಅದೇ ಲೈಸೆನ್ಸಿನಲ್ಲಿ ಹಂಚಬೇಕೆನ್ನುವ ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ ಅಡಿ ಇವೆ. ಅದರ 4.0 ಆವೃತ್ತಿ 2015ರಿಂದ ಜಿಪಿಎಲ್ ಮೂರರೊಳಗೆ ಹೋಗಬಹುದು, ಎಂಐಟಿ ಯೋಜನೆಯೊಳಗೆ ಅಲ್ಲ. ಉದ್ದದ ತುಣುಕಾದರೆ ಅರ್ಥ ಮಾಡಿಕೊಂಡು ನೀವೇ ಬರೆಯುವುದು ಒಳ್ಳೆಯದು.

ಅಕ್ಷರಶೈಲಿಗಳ ಬಗ್ಗೆ ಸ್ಕ್ಯಾನರ್ ಕೂಗಿದರೆ ಗಾಬರಿ ಬೇಡ. ನೋಟೊ ಸ್ಯಾನ್ಸ್ ಕನ್ನಡದಂಥವು ಓಪನ್ ಫಾಂಟ್ ಲೈಸೆನ್ಸಿನಲ್ಲಿವೆ. ಪ್ರೋಗ್ರಾಮಿನ ಜೊತೆ ಹಂಚಬಹುದು, ಪಿಡಿಎಫ್‌ನಲ್ಲಿ ಹುದುಗಿಸಬಹುದು, ಆ ಪಟ್ಟಿಗೆ ಫಾಂಟಿನ ಲೈಸೆನ್ಸ್ ಅಂಟುವುದಿಲ್ಲ. ಫಾಂಟನ್ನೊಂದೇ ಮಾರುವಂತಿಲ್ಲ.

ಈಗಾಗಲೇ ಹೊರಹೋದ ಪ್ರತಿಗಳು

ರೆಪೊ ಸರಿಯಾದರೆ ಕೆಲಸ ಮುಗಿದಂತಲ್ಲ. ಜಿಪಿಎಲ್ ಎರಡರ 4ನೇ ಕಲಮಿನ ಪ್ರಕಾರ ಷರತ್ತು ಮುರಿದ ಕ್ಷಣವೇ ನಿಮ್ಮ ಹಕ್ಕು ರದ್ದು, ತಿದ್ದಿಕೊಂಡವರಿಗೆ ಅದು ತಾನಾಗಿ ವಾಪಸ್ ಬರುತ್ತದೆ ಎಂದು ಅದರಲ್ಲಿ ಬರೆದಿಲ್ಲ. ಮೂರನೇ ಆವೃತ್ತಿ ಇಲ್ಲಿ ಮೃದು: ಮೊದಲ ಸಲ ನೋಟಿಸ್ ಬಂದು 30 ದಿನದೊಳಗೆ ಸರಿಪಡಿಸಿದರೆ ಹಕ್ಕು ಮರಳುತ್ತದೆ. ಹಾಗಾಗಿ 'ಎರಡು ಮಾತ್ರ' ಕೋಡಿನ ಲೇಖಕರಿಗೆ ಬರೆಯುವಾಗ ಹಳೆಯ ಹಂಚಿಕೆಯ ವಿಷಯವನ್ನೂ ನೇರವಾಗಿ ತಿಳಿಸಿ, ಹಕ್ಕು ಮರಳಿಸಿದ್ದೇವೆ ಎಂಬ ಮಾತನ್ನೂ ಬರಹದಲ್ಲೇ ಪಡೆಯಿರಿ.

ಹಳೆಯ ಇನ್‌ಸ್ಟಾಲರನ್ನು ಡೌನ್‌ಲೋಡ್ ಪುಟದಿಂದ ತೆಗೆಯಿರಿ. ಅಂಗಡಿಗಳಿಗೆ ಹೊಸದನ್ನು ಹಾಕಿಕೊಡುವಾಗ ತೂಕ ಓದುವ ಪ್ರೋಗ್ರಾಮಿನ ಸೋರ್ಸ್ ಅನ್ನು ಅದೇ ಪೆನ್‌ಡ್ರೈವ್‌ನಲ್ಲಿ ಕೊಡಿ. ಸೋರ್ಸ್ ಆಮೇಲೆ ಕೊಡುತ್ತೇವೆಂಬ ಲಿಖಿತ ಭರವಸೆಗೂ ಜಿಪಿಎಲ್ ಎರಡು ಅವಕಾಶ ಕೊಟ್ಟಿದೆ, ಆದರೆ ಆ ಭರವಸೆ ಕನಿಷ್ಠ ಮೂರು ವರ್ಷ ಊರ್ಜಿತವಿರಬೇಕು, ಯಾರು ಕೇಳಿದರೂ ಕೊಡಬೇಕು. ಅಷ್ಟು ಕಾಲ ನೆನಪಿಟ್ಟುಕೊಳ್ಳುವ ಬದಲು ಅವತ್ತೇ ಒಂದು ಫೋಲ್ಡರ್ ಹೆಚ್ಚು ನಕಲಿಸುವುದು ಸುಲಭ. ಟೆಸೆರಾಕ್ಟ್‌ನ ಅಪಾಚೆ ಲೈಸೆನ್ಸ್ ಪಠ್ಯ, ಅದರ ಜೊತೆ ಬರುವ ಚಿತ್ರ ಸಂಸ್ಕರಣೆಯ ಲೈಬ್ರರಿ ಲೆಪ್ಟೋನಿಕಾದ ಬಿಎಸ್‌ಡಿ ಪಠ್ಯ, ಫಾಂಟಿನ ಲೈಸೆನ್ಸ್ ಇವೂ ಅದೇ ಫೋಲ್ಡರಿನಲ್ಲಿರಲಿ. ಆಮೇಲೆ ಸ್ಕ್ಯಾನ್‌ಕೋಡನ್ನು ರೆಪೊದ ಮೇಲಲ್ಲ, ಆ ಪೆನ್‌ಡ್ರೈವ್‌ನ ಮೇಲೆಯೇ ಇನ್ನೊಮ್ಮೆ ಓಡಿಸಿ. ಪ್ಯಾಕೇಜ್ ಮಾಡುವವರಿಗೆ ಮತ್ತೆ ಬರೆಯುವಾಗ ಆ ವರದಿಯನ್ನೂ ಜೊತೆಗೆ ಕಳಿಸಿ.